ಬಚ್ಚಲ ಕಿಟಕಿಯ ಕರಿ ಕಣಜ



ಇವತ್ತು ಒಂದು ಪುಟ್ಟ ಕರಿ ಕಣಜದ ವಿಷಯ ಮಾತಾಡಬೇಕೆಂದು ಬಂದಿದ್ದೇನೆ. ನಿಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿಯೇ ಇರುತ್ತೀರಿ, ಅದು ಕಣಜವೆಂದು ಗೊತ್ತಾಗಿರಲಿಕ್ಕಿಲ್ಲ. ಬಚ್ಚಲುಮನೆಯ ಕಿಟಕಿ ಗಾಜಿನ ಮೇಲೆ, ಸಿಂಕಿನ ಪಕ್ಕದ ಗೋಡೆಯ ಮೇಲೆ, ಮೆಟ್ಟಿಲ ಕೆಳಗೆ ಹಳೇ ಪೇಪರು ಪೇರಿಸಿಟ್ಟ ಮೂಲೆಯಲ್ಲಿ ಅದು ಓಡಾಡುತ್ತಿರುತ್ತದೆ. ಅರ್ಧ ಸೆಂಟಿಮೀಟರಿಗಿಂತ ತುಸು ಉದ್ದ. ಮೈಯೆಲ್ಲ ಕಪ್ಪು, ಕಣ್ಣಿನಲ್ಲಿ ಮಾತ್ರ ಒಂದಿಷ್ಟು ನೀಲಿ ಛಾಯೆ. ಹಾರುವುದು ಕಡಿಮೆ, ನಡೆಯುವುದೇ ಜಾಸ್ತಿ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಕುಡಿಮೀಸೆಯಿಂದ ಗೋಡೆಯನ್ನು ತಟ್ಟಿ ನೋಡುತ್ತದೆ, ಮತ್ತೆ ನಾಲ್ಕು ಹೆಜ್ಜೆ. ಇಷ್ಟೂ ಹೊತ್ತು ಬೆನ್ನ ಹಿಂದೆ ಒಂದು ಸಣ್ಣ ಚಪ್ಪಟೆ ತುಣುಕನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ.

ನಾನಿರುವುದು ದೊಮ್ಮಲೂರಿನಲ್ಲಿ. ಚೊಕ್ಕನಾಥಸ್ವಾಮಿ ದೇವಸ್ಥಾನದ ಸುತ್ತಿನ ಹಳೇ ಊರಿನ ಗಲ್ಲಿಗಳಿರಲಿ, ಆಮೇಲೆ ಬಿಡಿಎ ಹಾಕಿದ ಬಡಾವಣೆಯಿರಲಿ, ಈಚೆಗೆ ಎದ್ದ ಅಪಾರ್ಟ್‌ಮೆಂಟುಗಳಿರಲಿ, ನೆಲದಡಿಯ ಲೋಕ ಎಲ್ಲ ಕಡೆಯೂ ಒಂದೇ ಥರ: ಒಳಚರಂಡಿ, ಮ್ಯಾನ್‌ಹೋಲು, ಬಚ್ಚಲ ಜಾಲರಿ, ಪೈಪುಗಳು ಇಳಿದುಬರುವ ಕತ್ತಲೆ ಡಕ್ಟು. ದೊಡ್ಡ ಕೆಂಪು ಜಿರಳೆಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಜೋರು ಮಳೆ ಬಂದು ಚರಂಡಿ ತುಂಬಿದ ರಾತ್ರಿ ಅವು ಸಾಲಾಗಿ ಮೇಲೆ ಬರುವುದನ್ನು ನಮ್ಮ ಕಡೆ ನೋಡದವರಿಲ್ಲ. ಈ ಜಿರಳೆ ಎಲ್ಲಿದೆಯೋ ಅದರ ಬೆನ್ನಿಗೇ ನಮ್ಮ ಕರಿ ಕಣಜವೂ ಇರುತ್ತದೆ. ಜಿರಳೆಯ ಮೊಟ್ಟೆ ತಿಂದೇ ಅದರ ಮರಿ ಬೆಳೆಯಬೇಕು. ಅದಕ್ಕೆ ಬೇರೆ ಆಹಾರವಿಲ್ಲ.

ಅಕ್ಕಪಕ್ಕದ ಮನೆಯವರು ಇದನ್ನು ತೋರಿಸಿ ಕೇಳುವ ಮೊದಲ ಪ್ರಶ್ನೆ ಒಂದೇ: “ಸಾರ್, ಇದು ಕಚ್ಚುತ್ತಾ?” ಇಲ್ಲ. ಕಚ್ಚುವುದೂ ಇಲ್ಲ, ಮನುಷ್ಯರನ್ನು ಕುಟುಕುವುದೂ ಇಲ್ಲ. ಹೆಣ್ಣಿಗೆ ಮೊಟ್ಟೆ ಇಡುವ ಒಂದು ಗಿಡ್ಡ ಸೂಜಿ ಇದೆ. ಅದು ಹೊಟ್ಟೆಯೊಳಗೇ ಅಡಗಿರುತ್ತದೆ, ಜಿರಳೆಯ ಮೊಟ್ಟೆಕೋಶವನ್ನು ಕೊರೆಯಲು ಮಾತ್ರ ಹೊರಗೆ ಬರುತ್ತದೆ. ಕಣಜ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸೂರಿನಡಿ ಗೂಡು ಕಟ್ಟಿ, ಹತ್ತಿರ ಹೋದರೆ ಅಟ್ಟಿಸಿಕೊಂಡು ಬರುವ ಹಳದಿ ಕಣಜ. ಆದರೆ ಕಣಜಗಳ ಜಗತ್ತಿನಲ್ಲಿ ಅಂಥವು ಕಡಿಮೆ. ಬಹುಪಾಲು ಕಣಜಗಳು ನಮ್ಮ ಗಮನಕ್ಕೂ ಬಾರದಷ್ಟು ಚಿಕ್ಕವು. ಗೂಡಿಲ್ಲ, ರಾಣಿಯಿಲ್ಲ, ಕೂಟವಿಲ್ಲ. ಬೇರೊಂದು ಕೀಟದ ಮೊಟ್ಟೆಯಲ್ಲೋ ಮರಿಯಲ್ಲೋ ಕೋಶದಲ್ಲೋ ತಮ್ಮ ಮೊಟ್ಟೆ ಇಟ್ಟು ಹೋಗುತ್ತವೆ, ಒಳಗಿನ ಮರಿ ಆ ಕೀಟವನ್ನು ತಿಂದು ದೊಡ್ಡದಾಗುತ್ತದೆ. ಕೃಷಿ ವಿಜ್ಞಾನಿಗಳು ಇವನ್ನು ಪರತಂತ್ರ ಜೀವಿ ಎನ್ನುತ್ತಾರೆ.

ನಮ್ಮ ಕಣಜದ ವೈಜ್ಞಾನಿಕ ಹೆಸರು ಇವಾನಿಯಾ ಅಪೆಂಡಿಗ್ಯಾಸ್ಟರ್. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಇದನ್ನು ದಾಖಲಿಸಿದ. ಅದೇ ಗ್ರಂಥದಲ್ಲಿ ಇದರ ಆಹಾರವಾದ ಕೆಂಪು ಜಿರಳೆಗೆ ಅಮೆರಿಕದ ಹೆಸರಿಟ್ಟ. ಆ ಜಿರಳೆಯ ಮೂಲ ಅಮೆರಿಕವಲ್ಲ, ಆಫ್ರಿಕ. ಹಡಗುಗಳ ಹೊಟ್ಟೆಯಲ್ಲಿ ಕುಳಿತು ಅದು ಭೂಮಿಯ ಬಿಸಿ ನಾಡುಗಳಿಗೆಲ್ಲ ಹರಡಿತು. ಸರಕಿನ ಪೆಟ್ಟಿಗೆಗೆ ಅಂಟಿದ್ದ ಅದರ ಮೊಟ್ಟೆಕೋಶಗಳೊಳಗೆ ಅವಿತು ಕಣಜವೂ ಅದರ ಜೊತೆಗೇ ಲೋಕ ಸುತ್ತಿತು. ಹೀಗಾಗಿ ದೊಮ್ಮಲೂರಿನ ಬಚ್ಚಲಿನಲ್ಲಿ ಕಾಣುವ ಈ ಜಾತಿಯೇ ಬ್ರೆಜಿಲ್ಲಿನ ಅಡುಗೆಮನೆಯಲ್ಲೂ ಹವಾಯಿಯ ಗೋದಾಮಿನಲ್ಲೂ ಕಾಣುತ್ತದೆ.

ಗುರುತಿಸುವುದು ಹೇಗೆ? ನೀವು ಇದನ್ನು ಪಕ್ಕದಿಂದ ನೋಡಬೇಕು. ಮೇಲಿನಿಂದ ನೋಡಿದರೆ ಯಾವುದೋ ಕರಿ ನೊಣ ಎನಿಸುತ್ತದೆ. ಹಿಂಗಾಲುಗಳು ಬಹಳ ಉದ್ದವಾದ್ದರಿಂದ ಜೇಡ ಎಂದುಕೊಳ್ಳುವವರೂ ಇದ್ದಾರೆ. ಪಕ್ಕದಿಂದ ನೋಡಿದರೆ ಮಾತ್ರ ವಿಚಿತ್ರ ತಿಳಿಯುತ್ತದೆ. ಇರುವೆಯಲ್ಲಿ, ಜೇನಿನಲ್ಲಿ, ಸಾಮಾನ್ಯ ಕಣಜಗಳಲ್ಲಿ ಸೊಂಟ ಎನ್ನುವುದು ಎದೆಯ ಕೆಳಭಾಗದಲ್ಲಿ, ಹಿಂಗಾಲಿನ ಬುಡದ ಹತ್ತಿರ ಇರುತ್ತದೆ. ಇದರಲ್ಲಿ ಸೊಂಟ ಇರುವುದು ಬೆನ್ನ ಮೇಲೆ. ಎದೆಯ ಮೇಲ್ತುದಿಯಿಂದ ಒಂದು ಬಾಗಿದ ತೆಳು ತೊಟ್ಟು ಹೊರಡುತ್ತದೆ, ಅದರ ತುದಿಯಲ್ಲಿ ಕೋಲಿಗೆ ಕಟ್ಟಿದ ಬಾವುಟದ ಹಾಗೆ ಹೊಟ್ಟೆ ನಿಂತಿರುತ್ತದೆ. ಆ ಹೊಟ್ಟೆಯಾದರೂ ಎಷ್ಟು? ಎದೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಎಡ ಬಲಗಳಿಂದ ಒತ್ತಿದಂತೆ ಚಪ್ಪಟೆ. ಹೆಣ್ಣಿನದು ತ್ರಿಕೋನಕ್ಕೆ ಹತ್ತಿರ, ಗಂಡಿನದು ಇನ್ನೂ ಚಿಕ್ಕದು, ಮೊಟ್ಟೆಯಾಕಾರದ್ದು. ನಡೆಯುವಾಗ ಮೇಲೆ ಕೆಳಗೆ ಆಡುವುದು ಇದೇ. ಹೀಗಾಗಿ ನಾನು ಇದನ್ನು ಬಾವುಟ ಕಣಜ ಎಂದೇ ಕರೆಯುತ್ತ ಬಂದಿದ್ದೇನೆ, ಈ ಮಾತಿನುದ್ದಕ್ಕೂ ಹಾಗೆಯೇ ಕರೆಯುತ್ತೇನೆ.

ಇಲ್ಲೊಂದು ಸೂಕ್ಷ್ಮವಿದೆ. ಕಣಜ, ಜೇನು, ಇರುವೆ ಇವುಗಳ ಸೊಂಟ ಎದೆ ಮತ್ತು ಹೊಟ್ಟೆಯ ನಡುವೆ ಇದೆ ಎಂದು ನಮಗೆ ಅನಿಸುತ್ತದೆ. ಆದರೆ ಹೊಟ್ಟೆಯ ಮೊದಲ ಭಾಗ ಎದೆಯ ಜೊತೆ ಬೆಸೆದುಕೊಂಡುಬಿಟ್ಟಿದೆ. ಸೊಂಟ ಇರುವುದು ಹೊಟ್ಟೆಯ ಮೊದಲ ಮತ್ತು ಎರಡನೆಯ ಭಾಗಗಳ ನಡುವೆ. ಬಾವುಟ ಕಣಜದಲ್ಲಿ ಆ ಬೆಸೆದುಕೊಂಡ ಮೊದಲ ಭಾಗದ ನೆತ್ತಿಯ ಮೇಲೇ ತೊಟ್ಟು ಹುಟ್ಟಿದೆ. ಇವಾನಿಯಿಡೀ ಎಂಬ ಈ ಕುಟುಂಬದಲ್ಲಿ ನಾನೂರಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲಕ್ಕೂ ಸೊಂಟ ಹೀಗೆಯೇ. ಭೂತಗನ್ನಡಿ ಇದ್ದರೆ ಕುಡಿಮೀಸೆಯ ಗಣ್ಣುಗಳನ್ನೂ ಎಣಿಸಿ ನೋಡಿ, ಗಂಡಿಗೂ ಹೆಣ್ಣಿಗೂ ಹದಿಮೂರು. ರೆಕ್ಕೆ ನಾಲ್ಕು. ಹಿಂದಿನ ಜೋಡಿ ಚಿಕ್ಕದಾಗಿ ಮುಂದಿನದರ ಅಡಿಯಲ್ಲಿ ಅಡಗಿರುವುದರಿಂದ ಎರಡೇ ಎಂಬ ಭ್ರಮೆ ಹುಟ್ಟುತ್ತದೆ. ಎರಡೇ ಇದ್ದರೆ ಅದು ನೊಣ.

ಬಾವುಟ ಕಣಜದ ಜೊತೆ ಗೊಂದಲವಾಗುವ ಬೇರೆ ಕಣಜಗಳೂ ಮನೆಯ ಸುತ್ತ ಇವೆ. ಕಿಟಕಿಯ ಚೌಕಟ್ಟಿಗೆ, ಫ್ಯಾನಿನ ಬಟ್ಟಲಿಗೆ ಮಣ್ಣು ಮೆತ್ತುವ ಕಣಜದ ಸೊಂಟ ದಾರದಂತೆ ಉದ್ದ, ಆದರೆ ಕೆಳಗಿನಿಂದ ಹೊರಡುತ್ತದೆ, ಮೈಯಲ್ಲಿ ಹಳದಿಯೂ ಇರುತ್ತದೆ. ಅದು ತನ್ನ ಮರಿಗೆ ಜೇಡ ಹಿಡಿದು ತರುತ್ತದೆ. ತೋಟದ ಗೋಡೆಯ ತೂತುಗಳ ಮುಂದೆ, ಒಂಟಿ ಜೇನುಗಳು ಗೂಡು ಮಾಡುವ ಕಡೆ, ನಿಧಾನವಾಗಿ ತೂಗಾಡುತ್ತ ಹಾರುವ ಒಂದು ಸಪೂರ ಕಣಜವಿದೆ. ಅದರ ಸೊಂಟವೂ ಎದೆಯ ಮೇಲ್ಭಾಗದಿಂದಲೇ ಹೊರಡುತ್ತದೆ. ಅದು ಬಾವುಟ ಕಣಜದ ದಾಯಾದಿ. ಹೊಟ್ಟೆ ಉದ್ದವಾಗಿ ಎಳೆದಂತಿದ್ದರೆ ಅದು, ಬಿಲ್ಲೆಯಂತೆ ಗಿಡ್ಡವಾಗಿದ್ದರೆ ಇದು. ಇನ್ನು ಜಿರಳೆಯನ್ನೇ ಬೇಟೆಯಾಡುವ ಮತ್ತೊಂದು ಕಣಜವೂ ನಮ್ಮ ಊರಿನಲ್ಲಿದೆ: ಮೈ ಮಿರಿಮಿರಿ ಹಸಿರು, ತೊಡೆ ಕೆಂಪು. ಆಂಪ್ಯುಲೆಕ್ಸ್ ಎಂದು ಅದರ ಹೆಸರು. ಅದು ಬೆಳೆದ ಜಿರಳೆಯ ಎದೆಗೊಮ್ಮೆ, ತಲೆಯೊಳಗಿನ ನರಗಂಟಿಗೊಮ್ಮೆ ಕುಟುಕುತ್ತದೆ. ಆಮೇಲೆ ಜಿರಳೆಗೆ ಕಾಲಿದ್ದೂ ತಾನಾಗಿ ನಡೆಯುವ ಮನಸ್ಸಿಲ್ಲ. ಕಣಜ ಅದರ ಕುಡಿಮೀಸೆಯನ್ನು ಅರ್ಧ ತುಂಡರಿಸಿ, ಉಳಿದ ಮೋಟನ್ನು ಹಿಡಿದು ಹಸು ಹೊಡೆದುಕೊಂಡು ಹೋದ ಹಾಗೆ ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ನೋಡಲು ಸಿಕ್ಕಿದರೆ ಪುಣ್ಯ ಎನ್ನಬೇಕು. ಬಾವುಟ ಕಣಜದ ಕೆಲಸ ಅಷ್ಟು ಆರ್ಭಟದ್ದಲ್ಲ. ಅದು ಬೆಳೆದ ಜಿರಳೆಯ ಗೋಜಿಗೆ ಹೋಗುವುದಿಲ್ಲ, ಮೊಟ್ಟೆಗೇ ಕೈ ಹಾಕುತ್ತದೆ.

ಈ ಮೊಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಂಪು ಜಿರಳೆ ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುವುದಿಲ್ಲ. ಎರಡು ಸಾಲಾಗಿ, ಒಟ್ಟು ಹದಿನಾಲ್ಕೋ ಹದಿನಾರೋ ಮೊಟ್ಟೆಗಳನ್ನು ಜೋಡಿಸಿ ಒಂದು ಗಟ್ಟಿ ಕೋಶದೊಳಗೆ ಮುಚ್ಚಿ ಇಡುತ್ತದೆ. ಕೋಶದ ಉದ್ದ ಸುಮಾರು ಎಂಟು ಮಿಲಿಮೀಟರು. ತಾಯಿಯ ಹೊಟ್ಟೆಯಲ್ಲಿ ಎಡಗಡೆಯ ಗ್ರಂಥಿ ಒಂದು ರಸ ಕೊಡುತ್ತದೆ, ಬಲಗಡೆಯದು ಇನ್ನೊಂದು. ಎರಡೂ ಬೆರೆತಾಗ ರಸ ಗಟ್ಟಿಯಾಗಲು ತೊಡಗುತ್ತದೆ. ಹೊರಗೆ ಬರುವಾಗ ಬಿಳುಪಾಗಿದ್ದ ಕೋಶ ಹೊತ್ತು ಕಳೆದಂತೆ ಕೆಂಪಾಗಿ, ಕಂದಾಗಿ, ಕೊನೆಗೆ ಹೆಚ್ಚೂಕಡಿಮೆ ಕಪ್ಪಾಗುತ್ತದೆ. ಒಂದು ಅಂಚಿನಲ್ಲಿ ಹಲ್ಲುಹಲ್ಲಾದ ಏಣು ಇರುತ್ತದೆ. ಒಳಗಿನ ಮರಿಗಳಿಗೆ ಉಸಿರು ಹೋಗುವುದು ಆ ಏಣಿನ ಸಣ್ಣ ಕಂಡಿಗಳಿಂದಲೇ, ದಿನ ತುಂಬಿದಾಗ ಅವು ತಳ್ಳಿಕೊಂಡು ಹೊರಬರುವ ಬಾಗಿಲೂ ಅದೇ. ತಾಯಿ ಇದನ್ನು ಒಂದೆರಡು ದಿನ ಹಿಂಬದಿಯಲ್ಲಿ ಕಚ್ಚಿಕೊಂಡು ಓಡಾಡಿ, ಆಮೇಲೆ ಗ್ಯಾಸ್ ಸಿಲಿಂಡರಿನ ಹಿಂದೆಯೋ ಒಗೆಯುವ ಕಲ್ಲಿನ ಅಡಿಯಲ್ಲೋ ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲೋ ಬಾಯಿಯ ಜೊಲ್ಲಿನಿಂದ ಅಂಟಿಸಿ ಹೊರಟುಹೋಗುತ್ತದೆ. ಹೆಚ್ಚೂಕಡಿಮೆ ವಾರಕ್ಕೊಂದು ಇಂಥ ಕೋಶ. ಮರಿ ಹೊರಬರಲು ಒಂದೂವರೆ ತಿಂಗಳಾದರೂ ಬೇಕು.

ಆ ಒಂದೂವರೆ ತಿಂಗಳು ಮೊಟ್ಟೆಗಳಿಗೆ ಕಾವಲು ಆ ಕೋಶದ ಗೋಡೆಯೊಂದೇ. ಆದರೆ ಬಲು ಭದ್ರವಾದ ಕಾವಲು. ನಾವು ಡಬ್ಬಿಯಿಂದ ಹೊಡೆಯುವ ಔಷಧ ಆ ಗೋಡೆಯನ್ನು ದಾಟಿ ಮೊಟ್ಟೆಗೆ ತಗಲುವುದು ಕಷ್ಟ. ದೊಡ್ಡ ಜಿರಳೆಗಳು ಸತ್ತು ಬಿದ್ದಿರುವುದನ್ನು ಗುಡಿಸಿ ಹಾಕಿ ನಾವು ನೆಮ್ಮದಿಯಾಗಿ ಇರುತ್ತೇವೆ. ಮುಂದಿನ ತಿಂಗಳು ಹೊಸ ಮರಿಗಳು ಹಾಜರ್. ಔಷಧ ಕಳಪೆ, ನಕಲಿ ಎಂದು ಅಂಗಡಿಯವನ ಮೇಲೆ ರೇಗುತ್ತೇವೆ. ಔಷಧ ತನ್ನ ಕೆಲಸ ಮಾಡಿದೆ, ಮೊಟ್ಟೆಯ ತನಕ ಅದು ಹೋಗಲಿಲ್ಲ. ಅಲ್ಲಿಯ ತನಕ ಹೋಗುವ ಸೂಜಿ ಇರುವುದು ಬಾವುಟ ಕಣಜದ ಹತ್ತಿರ.

ಹೆಣ್ಣು ಕಣಜ ಕೋಶವನ್ನು ಕಂಡಿತೆಂದರೆ ಮೊದಲು ಅದರ ಮೇಲೆಲ್ಲ ಕುಡಿಮೀಸೆ ಆಡಿಸಿ ಪರೀಕ್ಷೆ ಮಾಡುತ್ತದೆ. ಒಪ್ಪಿಗೆಯಾದರೆ ಕೋಶದ ಉದ್ದಕ್ಕೆ ಮಗ್ಗುಲಾಗಿ ಮಲಗುತ್ತದೆ. ನಿಂತು ಕೊರೆಯುವ ಕಣಜಗಳನ್ನು ಬಹಳ ನೋಡಿದ್ದೇವೆ, ಮಲಗಿ ಕೊರೆಯುವುದು ಅಪರೂಪ. ಇಷ್ಟು ಗಿಡ್ಡ ಹೊಟ್ಟೆ ಅಷ್ಟು ಎತ್ತರದ ಸೊಂಟದ ಮೇಲಿದ್ದರೆ ಸೂಜಿಯನ್ನು ನೇರ ಒತ್ತಲು ಬೇರೆ ದಾರಿಯೇ ಇಲ್ಲ. ಗೋಡೆ ಗಟ್ಟಿ, ಕೆಲಸ ನಿಧಾನ. ಕಾಲು ಗಂಟೆ, ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆ ಹೊತ್ತಿನಲ್ಲಿ ನೀವು ಟಾರ್ಚು ಹಿಡಿದು ಬಗ್ಗಿ ನೋಡಿದರೂ ಅದು ಸುಲಭವಾಗಿ ಎದ್ದು ಹೋಗುವುದಿಲ್ಲ. ಕೊನೆಗೆ ಒಳಗೆ ಇಡುವುದು ಒಂದೇ ಒಂದು ಮೊಟ್ಟೆ.

ಅದು ಒಡೆದು ಮರಿಹುಳು ಬಂದಾಗ ಅದರ ಸುತ್ತ ಹದಿನಾರು ಜಿರಳೆ ಮೊಟ್ಟೆಗಳ ಊಟ ಸಿದ್ಧವಾಗಿರುತ್ತದೆ. ಒಂದನ್ನು ಮುಗಿಸಿ ಪಕ್ಕದ್ದಕ್ಕೆ, ಅದನ್ನು ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಒಂದನ್ನೂ ಉಳಿಸುವುದಿಲ್ಲ. ಕೊನೆಗೆ ಕೋಶದ ತುಂಬ ಅದೊಂದೇ. ಅಲ್ಲೇ ಕೋಶಾವಸ್ಥೆಗೆ ಹೋಗಿ, ಅಲ್ಲೇ ಕಣಜವಾಗಿ, ಗೋಡೆಯ ಒಂದು ತುದಿಯನ್ನು ಹಲ್ಲಿನಿಂದ ಕಡಿದು ಹೊರಗೆ ಬರುತ್ತದೆ. ನಮ್ಮ ಹವೆಯಲ್ಲಿ ಇದಕ್ಕೆಲ್ಲ ಒಂದೂವರೆಯಿಂದ ಎರಡು ತಿಂಗಳು. ಹೊರಬಂದ ಮೇಲೆ ಅದರ ಆಯಸ್ಸು ಎರಡು ಮೂರು ವಾರ. ಹೂವಿನ ಮಕರಂದ, ಗಿಡದ ಹೇನು ಸುರಿಸುವ ಸಿಹಿ ಅಂಟು, ಇಷ್ಟೇ ಅದರ ಊಟ. ಎಲ್ಲ ಕಣಜಗಳಂತೆ ಇಲ್ಲೂ ಗಂಡು ಹುಟ್ಟಬೇಕಾದರೆ ತಂದೆ ಬೇಕಿಲ್ಲ. ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡಾಗುತ್ತದೆ.

ಕಣಜ ಕಣ್ಣಿಗೆ ಬೀಳದಿದ್ದರೂ ಅದು ಬಂದು ಹೋಗಿದೆಯೇ ಎಂದು ತಿಳಿಯಬಹುದು. ಮನೆ ತೊಳೆಯುವಾಗ, ದೀಪಾವಳಿಗೆ ಅಟ್ಟ ಇಳಿಸುವಾಗ ಸಿಗುವ ಜಿರಳೆಯ ಖಾಲಿ ಕೋಶಗಳನ್ನು ಹಾಗೇ ಮೊರಕ್ಕೆ ಹಾಕಬೇಡಿ, ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ. ಮೈಯೆಲ್ಲ ಇಡಿಯಾಗಿದ್ದು, ಏಣಿನ ಸಾಲಿನಲ್ಲಿ ಮಾತ್ರ ಒಂದು ಸೀಳು ಇದ್ದರೆ ಜಿರಳೆ ಮರಿಗಳು ಹೊರಬಂದು ಹೋಗಿವೆ. ಅವು ಹೋದ ಮೇಲೆ ಆ ಸೀಳು ಮತ್ತೆ ಮುಚ್ಚಿಕೊಳ್ಳುವುದೂ ಉಂಟು, ಉಗುರಿನಿಂದ ಒತ್ತಿದರೆ ತೆರೆಯುತ್ತದೆ. ತುದಿಯ ಹತ್ತಿರ ಎರಡು ಮೂರು ಮಿಲಿಮೀಟರಿನ ಒಂದು ದುಂಡು ತೂತು, ಅಂಚು ಕಡಿದು ತಿಂದ ಹಾಗೆ ಇದ್ದರೆ ಬಾವುಟ ಕಣಜ. ಗುಂಡುಸೂಜಿ ಚುಚ್ಚಿದಷ್ಟು ಚಿಕ್ಕ ತೂತು ಒಂದೋ ಎರಡೋ ಇದ್ದರೆ? ಅದು ಮೂರನೆಯವರ ಕೆಲಸ.

ಆ ಮೂರನೆಯವರು ಇನ್ನೂ ಸಣ್ಣ ಕಣಜಗಳು, ಎರಡು ಮಿಲಿಮೀಟರು ಮುಟ್ಟುವುದೂ ಕಷ್ಟ. ಹೆಸರು ಅಪ್ರೋಸ್ಟೋಸೀಟಸ್ ಹ್ಯಾಗನೋವಿಯೈ. ಹಿಂದೆ ಟೆಟ್ರಾಸ್ಟೈಕಸ್ ಎನ್ನುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಇದೆ. ಬಾವುಟ ಕಣಜದ ಹೆಣ್ಣು ಒಂದು ಮೊಟ್ಟೆ ಇಡುವ ಜಾಗದಲ್ಲಿ ಇದು ಡಜನ್‌ಗಟ್ಟಲೆ ಇಡುತ್ತದೆ. ಎಲ್ಲ ಮರಿಗಳೂ ಒಂದೇ ಕೋಶವನ್ನು ಹಂಚಿಕೊಂಡು ತಿಂದು, ಒಂದೋ ಎರಡೋ ತೂತಿನಿಂದ ಒಂದರ ಹಿಂದೊಂದು ಹೊರಬರುತ್ತವೆ. ಮಾಡಿ ನೋಡಬೇಕೆನ್ನುವ ಮಕ್ಕಳು ಮನೆಯಲ್ಲಿದ್ದರೆ ಒಂದು ಉಪಾಯ ಹೇಳುತ್ತೇನೆ. ತೂತಿಲ್ಲದ, ತುಂಬಿದ ಕೋಶವೊಂದನ್ನು ಚಿಮಟದಿಂದ ಎತ್ತಿ ಖಾಲಿ ಜಾಮ್ ಬಾಟಲಿಗೆ ಹಾಕಿ. ಬಾಯಿಗೆ ಹಳೇ ಪಂಚೆಯ ತೆಳು ಬಟ್ಟೆ ಕಟ್ಟಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ. ನೆರಳಿನಲ್ಲಿಡಿ, ಕೈ ತೊಳೆದುಕೊಳ್ಳಿ. ಒಂದೆರಡು ತಿಂಗಳು ಅದನ್ನು ಮರೆತುಬಿಡಬೇಡಿ. ಒಂದು ಬೆಳಿಗ್ಗೆ ಒಳಗೆ ಜಿರಳೆ ಮರಿಗಳು ಓಡಾಡುತ್ತಿರಬಹುದು, ಒಂಟಿ ಬಾವುಟ ಕಣಜ ಗಾಜಿನ ಮೇಲೆ ಹತ್ತುತ್ತಿರಬಹುದು, ಇಲ್ಲವೇ ಕರಿ ಚುಕ್ಕಿಗಳ ಒಂದು ದಂಡೇ ಹರಿದಾಡುತ್ತಿರಬಹುದು. ಕಣಜವಾದರೆ ಕಿಟಕಿಯ ಹೊರಗೆ ಬಿಡಿ. ಮಕ್ಕಳು ಇದನ್ನು ಒಮ್ಮೆ ನೋಡಿದರೆ ಸಾಕು, ಪಾಠದ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ನೆನಪಿಡುತ್ತಾರೆ.

ಹೀಗೆ ಕೋಶಗಳನ್ನು ಕೂಡಿಟ್ಟು ಏನು ಹೊರಬರುತ್ತದೆಂದು ಕಾಯುವ ಕೆಲಸವನ್ನು ನಮ್ಮ ಬೆಂಗಳೂರಿನಲ್ಲೇ ವಿಜ್ಞಾನಿಗಳು ಕ್ರಮವಾಗಿ ಮಾಡಿದ್ದಾರೆ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಪೀಡೆ ಕೀಟಗಳಿಗೆ ಅವುಗಳ ಸಹಜ ಶತ್ರುಗಳನ್ನೇ ಹುಡುಕಿ ಎತ್ತಿಕಟ್ಟುವುದು ಆ ಕೇಂದ್ರದ ಕೆಲಸವಾಗಿತ್ತು. ಅಲ್ಲಿನ ಎ. ಯು. ನರಸಿಂಹಂ ಮತ್ತು ಟಿ. ಶಂಕರನ್ 1979ರಲ್ಲಿ ಭಾರತದ ಮನೆಗಳ ಜಿರಳೆಗಳು, ಅವುಗಳ ಮೊಟ್ಟೆಕೋಶದ ಪರತಂತ್ರ ಜೀವಿಗಳು ಎಂಬ ವಿಷಯದ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಅದಾದ ಮೇಲೆ ನರಸಿಂಹಂ 1984ರಲ್ಲಿ ಆಗ ಟೆಟ್ರಾಸ್ಟೈಕಸ್ ಎನಿಸಿಕೊಂಡಿದ್ದ ಎರಡು ಸಣ್ಣ ಕಣಜಗಳನ್ನು ಹೋಲಿಸಿ ಬರೆದರು. ಅದೇ ಬರಹದಲ್ಲಿ ಇನ್ನೂ ಒಂದು ಕಣಜದ ಪ್ರಸ್ತಾಪವಿದೆ. ಅದು ಜಿರಳೆಯ ಮೊಟ್ಟೆಗೆ ಬರುವುದಿಲ್ಲ. ಜಿರಳೆಯ ಮೊಟ್ಟೆ ತಿನ್ನುತ್ತಿರುವ ಕಣಜದ ಮರಿಯನ್ನೇ ತಿನ್ನಲು ಬರುತ್ತದೆ. ಒಂದು ಸೆಂಟಿಮೀಟರೂ ಇಲ್ಲದ ಕೋಶದೊಳಗೆ ಹೀಗೆ ಮೂರು ಅಂತಸ್ತಿನ ಬದುಕು. ಜಿರಳೆಯ ಮೊಟ್ಟೆಯನ್ನು ಕೈಯಲ್ಲಿ ಮುಟ್ಟಲೂ ಹೇಸುವ ನಮ್ಮ ನಡುವೆ, ಮನೆಮನೆಯ ಮೂಲೆಯ ಈ ಕೋಶಗಳನ್ನು ತೆರೆದು ನೋಡಿ ಲೆಕ್ಕ ಇಟ್ಟವರ ಬಗ್ಗೆ ನನಗೆ ಬಹಳ ಗೌರವ. ಬೆಂಗಳೂರಿನ ಚರಿತ್ರೆ ಹೇಳುವಾಗ ವಿಮಾನ ಕಾರ್ಖಾನೆಯನ್ನೂ ಟೆಲಿಫೋನ್ ಕಾರ್ಖಾನೆಯನ್ನೂ ನೆನೆಯುತ್ತೇವೆ, ಇಂಥ ಕೆಲಸವನ್ನೂ ನೆನೆಯಬೇಕು.

ಈಗ ಮುಖ್ಯವಾದ ಪ್ರಶ್ನೆ. ಬಾವುಟ ಕಣಜ ಇದ್ದರೆ ಮನೆಯಲ್ಲಿ ಜಿರಳೆ ಇಲ್ಲವಾಗುತ್ತದೆಯೇ? ಇಲ್ಲ. ಹಾಗೆಂದು ನಾನು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಕಣಜ ಬದುಕಬೇಕಾದರೆ ಜಿರಳೆ ಉಳಿದಿರಲೇಬೇಕು. ಅದು ಜಿರಳೆಯ ಸಂಖ್ಯೆಗೆ ಕಡಿವಾಣ ಹಾಕುತ್ತದೆ, ಸಂತತಿ ಅಳಿಸುವುದಿಲ್ಲ. ಎರಡನೆಯದಾಗಿ, ಅಡುಗೆಮನೆಯ ಕಪಾಟಿನಲ್ಲಿ, ಮಿಕ್ಸಿಯ ಬುಡದಲ್ಲಿ, ಫ್ರಿಜ್ಜಿನ ರಬ್ಬರಿನಲ್ಲಿ ತುಂಬಿಕೊಳ್ಳುವ ಚಿಕ್ಕ ಕಂದು ಜಿರಳೆಯ ಮುಂದೆ ಇದರ ಆಟ ನಡೆಯುವುದಿಲ್ಲ. ಜರ್ಮನಿಯ ಹೆಸರು ಹೊತ್ತ ಆ ಜಿರಳೆ ತನ್ನ ಕೋಶವನ್ನು ಎಲ್ಲೂ ಅಂಟಿಸಿ ಹೋಗುವುದಿಲ್ಲ. ಮರಿ ಬರುವ ದಿನ ಹತ್ತಿರವಾಗುವ ತನಕ, ಮೂವತ್ತು ನಲವತ್ತು ಮೊಟ್ಟೆಗಳ ಆ ಕೋಶವನ್ನು ಹಿಂಬದಿಯಲ್ಲೇ ಹೊತ್ತು ತಿರುಗುತ್ತದೆ. ಓಡಾಡುವ ಕೋಶದ ಮೇಲೆ ಅರ್ಧ ಗಂಟೆ ಮಲಗಿ ಕೊರೆಯುವುದು ಕಣಜಕ್ಕೆ ಸಾಧ್ಯವಿಲ್ಲ. ಆದ್ದರಿಂದ ಬಾವುಟ ಕಣಜ ಕಂಡರೆ ನಿಮಗೆ ಸಿಗುವ ಸುದ್ದಿ ಇಷ್ಟು: ದೊಡ್ಡ ಕೆಂಪು ಜಿರಳೆ ಸಮೀಪದಲ್ಲೇ ಮೊಟ್ಟೆ ಇಡುತ್ತಿದೆ. ಜಾಲರಿ ಸಡಿಲವಾಗಿದೆಯೇ, ಡಕ್ಟಿನ ಬಾಗಿಲು ಮುಚ್ಚುತ್ತದೆಯೇ, ಪೈಪು ಗೋಡೆ ಸೇರುವ ಕಡೆ ಸಂದು ಬಿಟ್ಟಿದೆಯೇ ನೋಡಿ, ಸಿಮೆಂಟು ಮೆತ್ತಿಸಿ. ಹಳೇ ಪೇಪರು, ರಟ್ಟಿನ ಡಬ್ಬ ಗುಜರಿಗೆ ಹಾಕಿ.

ಔಷಧ ಬೇಡವೇ ಬೇಡ ಎಂದೂ ನಾನು ಹೇಳುತ್ತಿಲ್ಲ. ಮನೆಯಲ್ಲಿ ಉಬ್ಬಸದ ಮಕ್ಕಳಿದ್ದರೆ ಜಿರಳೆ ಕಡಿಮೆಯಾಗಲೇಬೇಕು, ಅದರ ಪೊರೆ ಮತ್ತು ಹಿಕ್ಕೆಯ ಪುಡಿ ಉಸಿರಿಗೆ ಕೆಟ್ಟದ್ದು. ಆದರೆ ಸಂದು ಸಂದಿಗೂ ಸ್ಪ್ರೇ ಹೊಡೆದಾಗ ಮೊದಲು ಸಾಯುವವರಲ್ಲಿ ಅದೇ ಸಂದುಗಳಲ್ಲಿ ಕೋಶ ಹುಡುಕುತ್ತ ನಡೆಯುತ್ತಿರುವ ಕಣಜವೂ ಸೇರುತ್ತದೆ. ಕೋಶದೊಳಗಿನ ಜಿರಳೆ ಮಾತ್ರ ಉಳಿಯುತ್ತದೆ. ಚುಕ್ಕಿ ಚುಕ್ಕಿಯಾಗಿ ಇಡುವ ಜೆಲ್ ಆದರೆ ಅದನ್ನು ತಿನ್ನುವುದು ಜಿರಳೆ. ಮಕರಂದ ಕುಡಿಯುವ ಕಣಜಕ್ಕೆ ಅದರ ಗೊಡವೆಯಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಈ ಮಾತು ನಿಮ್ಮ ನೆನಪಿನಲ್ಲಿರಲಿ.

ಇಷ್ಟು ಪುಟ್ಟ ಹುಳುವಿನಿಂದ ಏನಾದೀತು ಎಂದು ಕೇಳುವವರಿಗೆ ಒಂದು ಈಚಿನ ಕಥೆ ಇದೆ. 2008ರಲ್ಲಿ ಕೊಯಮತ್ತೂರಿನ ಸುತ್ತ ಪಪ್ಪಾಯ ತೋಟಗಳಲ್ಲಿ ಒಂದು ಹೊಸ ಹಿಟ್ಟು ತಿಗಣೆ ಕಾಣಿಸಿತು. ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಬಿಳಿ ಹಿಟ್ಟು ಸುರಿದಂತೆ. ಪಪ್ಪಾಯ ಮುಗಿಸಿ ಹಿಪ್ಪುನೇರಳೆಗೆ ಬಂತು, ರೇಷ್ಮೆ ಬೆಳೆಗಾರರು ಸೊಪ್ಪಿಲ್ಲದೆ ಕಂಗಾಲಾದರು. ಕರ್ನಾಟಕಕ್ಕೂ ಹರಡಿತು. ನಗರದ ಕಾಂಪೌಂಡಿನ ದಾಸವಾಳವನ್ನೂ ಬಿಡಲಿಲ್ಲ. ಔಷಧ ಹೊಡೆದರೆ ಆ ಮೇಣದ ಹಿಟ್ಟಿನಡಿ ಅದಕ್ಕೇನೂ ಆಗುತ್ತಿರಲಿಲ್ಲ. ಆ ತಿಗಣೆಯ ತವರು ಮೆಕ್ಸಿಕೋ ಕಡೆ. ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿಟ್ಟ ಕಣಜಗಳು ಇಲ್ಲಿಗೆ ಅದರ ಜೊತೆ ಬಂದಿರಲಿಲ್ಲ. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ 2010ರ ಜುಲೈಯಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಬೇರೆ ಉಪಕಾರಿ ಕೀಟಗಳಿಗೆ ತೊಂದರೆ ಕೊಡುವುದಿಲ್ಲವೆಂದು ಪರೀಕ್ಷಿಸಿ, ಬೆಳೆಸಿ, ರೈತರ ಹೊಲಗಳಿಗೆ ಬಿಟ್ಟರು. ಅವುಗಳಲ್ಲಿ ಅಸೆರೋಫಾಗಸ್ ಪಪಾಯೇ ಎಂಬ ಹಳದಿ ಕಣಜವೇ ಮೇಲುಗೈ ಪಡೆಯಿತು. ಅದರ ಉದ್ದ ಒಂದು ಮಿಲಿಮೀಟರೂ ಇಲ್ಲ. ಹೆಚ್ಚು ಕಾಲ ಬೇಕಾಗಲಿಲ್ಲ, ತಿಗಣೆ ಹಿಡಿತಕ್ಕೆ ಬಂತು. ರಾಮನಗರ, ಕೋಲಾರದ ಕಡೆಯ ರೇಷ್ಮೆ ರೈತರಿಗೆ ಇಂಥ ನೆರವು ಹೊಸದೂ ಅಲ್ಲ. 1980ರಲ್ಲಿ ಕರ್ನಾಟಕಕ್ಕೆ ನುಗ್ಗಿದ, ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ ಕೋಶಗಳ ಮೇಲೆ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಬಿಡುವ ಪದ್ಧತಿಯನ್ನು ಅವರು ಬಲ್ಲರು.

ಪಪ್ಪಾಯದ ತಿಗಣೆ ಶತ್ರುವಿಲ್ಲದೆ ಬಂದಿತ್ತು, ಶತ್ರುವನ್ನು ತಂದುಬಿಟ್ಟಾಗ ಸೋತಿತು. ಜಿರಳೆಯ ಶತ್ರು ಇಲ್ಲಿ ಆಗಲೇ ಇದೆ. ಹಾಗಾಗಿ ಇಲ್ಲಿ ನಾವು ಹೊರಗಿನಿಂದ ಏನನ್ನೂ ತರಬೇಕಿಲ್ಲ, ಇರುವುದನ್ನು ಗುರುತಿಸಿ ಅದರ ಪಾಡಿಗೆ ಬಿಟ್ಟರೆ ಆಯಿತು.

ಕೊನೆಯದಾಗಿ, ಮನೆಯಲ್ಲಿ ಕಂಡದ್ದು ಬಾವುಟ ಕಣಜವೇ ಎಂದು ಖಾತ್ರಿ ಮಾಡಿಕೊಳ್ಳಬೇಕು ಎನ್ನುವವರಿಗೆ ಎರಡು ಮೂರು ಸೂಚನೆ. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಮೇಲಿನಿಂದ ತೆಗೆಯಬೇಡಿ. ಗೋಡೆಗೆ ಮೊಬೈಲು ಒರಗಿಸಿ ಪಕ್ಕದಿಂದ ತೆಗೆಯಿರಿ, ಸೊಂಟ ಎಲ್ಲಿಂದ ಹೊರಡುತ್ತದೆಂಬುದು ಕಾಣಬೇಕು. ಹತ್ತಿರದಲ್ಲಿ ಸ್ಕೇಲು ಇಟ್ಟರೆ ಅಳತೆಯೂ ಸಿಗುತ್ತದೆ. ಫೋಟೊ ನೋಡಿ ಕುಟುಂಬ ಹೇಳಬಹುದು, ಬಹುತೇಕ ಜಾತಿಯನ್ನೂ ಊಹಿಸಬಹುದು. ನಿಶ್ಚಯವಾಗಿ ಹೇಳಬೇಕಾದರೆ ಹುಳುವೇ ಬೇಕು. ಇದರ ಹತ್ತಿರದ ಬಳಗದ ಇನ್ನೂ ಕೆಲವು ಬಾವುಟ ಕಣಜಗಳು ಇದೇ ಜಿರಳೆಯ ಕೋಶಕ್ಕೆ ಬರುತ್ತವೆ, ಅವುಗಳ ಅಂತರ ಸೂಕ್ಷ್ಮದರ್ಶಕದ ಅಡಿಯಲ್ಲೇ ತಿಳಿಯುವಂಥದ್ದು. ಕಿಟಕಿ ಗಾಜಿನ ಬುಡದಲ್ಲಿ ತಾನಾಗಿ ಸತ್ತು ಬಿದ್ದದ್ದು ಸಿಕ್ಕಿದರೆ ಒಂದು ಸಣ್ಣ ಔಷಧ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಡಿ. ಒಳಗೆ ಒಂದು ಚೂರು ಕಾಗದ ಹಾಕಿ, ಅದರ ಮೇಲೆ ಪೆನ್ಸಿಲಿನಿಂದ ಬರೆಯಿರಿ, ಪೆನ್ನಿನ ಮಸಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ಊರು, ಬಡಾವಣೆ, ತಾರೀಖು, ಮನೆಯ ಯಾವ ಭಾಗ, ಹತ್ತಿರದಲ್ಲಿ ಜಿರಳೆ ಕೋಶ ಇತ್ತೇ ಇಲ್ಲವೇ, ಇಷ್ಟು ಸಾಕು. ಜಿಕೆವಿಕೆಯ ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರ ವಿಭಾಗ, ಹೆಬ್ಬಾಳದ ಕೀಟ ಸಂಸ್ಥೆ ಎರಡರಲ್ಲೂ ಕೀಟಗಳ ಸಂಗ್ರಹವಿದೆ, ಹೋಲಿಸಿ ನೋಡಬಲ್ಲ ತಜ್ಞರಿದ್ದಾರೆ. ಆ ಚೀಟಿ ಇಲ್ಲದ ಹುಳು ಅವರ ಕೈಯಲ್ಲಿ ಬರೀ ಕಣಜ. ಚೀಟಿ ಇದ್ದರೆ ಅದು ದೊಮ್ಮಲೂರಿನ ಕಣಜ, ಇಂಥ ತಿಂಗಳಲ್ಲಿ ಇಂಥ ಮನೆಯ ಬಚ್ಚಲಿನಲ್ಲಿದ್ದದ್ದು ಎಂದು ದಾಖಲೆಯಾಗಿ ಉಳಿಯುತ್ತದೆ.